ಕೆಟ್ಟ ಅಡಾಪ್ಟರ್‌ನ ದುರಸ್ತಿ: ದೋಷಯುಕ್ತ ಬಿಡಿಭಾಗವನ್ನು ಗುರುತಿಸುವ ಹಾಗೂ ಬದಲಿಸುವ ಕ್ರಮ

ಕಿರಾಣಿ ಅಂಗಡಿಯ ಬಿಲ್ಲಿಂಗ್ ಯಂತ್ರ, ಔಷಧ ಮಳಿಗೆಯ ಇಂಟರ್ನೆಟ್ ರೂಟರ್, ಗೋದಾಮಿನ ಕಣ್ಗಾವಲು ಕ್ಯಾಮೆರಾ, ಧಾನ್ಯ ವರ್ತಕರ ಎಲೆಕ್ಟ್ರಾನಿಕ್ ತಕ್ಕಡಿ, ಇವೆಲ್ಲವೂ ಬಹುಮಟ್ಟಿಗೆ ಒಂದೇ ಬಗೆಯ ಪುಟ್ಟ ಪೆಟ್ಟಿಗೆಯನ್ನು ಅವಲಂಬಿಸಿ ನಡೆಯುತ್ತವೆ. ಗೋಡೆಯಿಂದ ಬರುವ 230 ವೋಲ್ಟ್ ಎ.ಸಿ. ವಿದ್ಯುತ್ತನ್ನು 12 ವೋಲ್ಟ್ ಅಥವಾ 24 ವೋಲ್ಟ್ ಡಿ.ಸಿ.ಗೆ ಇಳಿಸಿಕೊಡುವ ಅಡಾಪ್ಟರ್ ಎಂಬುದೇ ಆ ಪೆಟ್ಟಿಗೆ. ಸಂತೆಯ ದಿನ ಬೆಳಿಗ್ಗೆ ಬಿಲ್ಲಿಂಗ್ ಯಂತ್ರ ನಿಂತುಹೋದರೆ ವ್ಯಾಪಾರವೂ ಅರ್ಧ ನಿಂತಂತೆಯೇ ಸರಿ. ಯಂತ್ರವೇ ಹಾಳಾಯಿತೆಂದು ವರ್ತಕರು ಭಾವಿಸುವ ಅನೇಕ ಸಂದರ್ಭಗಳಲ್ಲಿ ಯಂತ್ರ ಸುಸ್ಥಿತಿಯಲ್ಲಿರುತ್ತದೆ, ಕೆಟ್ಟಿರುವುದು ಅಡಾಪ್ಟರ್. ಅದರೊಳಗೂ ಕೆಟ್ಟಿರುವುದು ಸಾಮಾನ್ಯವಾಗಿ ಒಂದೋ ಎರಡೋ ಬಿಡಿಭಾಗ ಮಾತ್ರ.

ಈ ಪಾಠವು ಇಬ್ಬರಿಗೆ ಉಪಯುಕ್ತವಾಗಬಹುದು. ಮೊದಲನೆಯವರು, ದುರಸ್ತಿ ಮಾಡಿಸಬೇಕೋ ಹೊಸದನ್ನು ಕೊಳ್ಳಬೇಕೋ ಎಂದು ತೀರ್ಮಾನಿಸಬೇಕಾದ ಮಳಿಗೆಯ ಮಾಲೀಕರು. ಎರಡನೆಯವರು, ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ಸ್ವಂತ ದುರಸ್ತಿ ಅಂಗಡಿ ತೆರೆಯುವ ಯುವಕ ಯುವತಿಯರು. ಮಾಲೀಕರು ಹೊರಗಿನ ಪರೀಕ್ಷೆಯನ್ನು ತಾವೇ ಮಾಡಬಹುದು. ಪೆಟ್ಟಿಗೆಯನ್ನು ಬಿಚ್ಚುವ ಕೆಲಸವನ್ನು ಮಾತ್ರ ವಿದ್ಯುತ್ ಕೆಲಸದ ತಿಳಿವಳಿಕೆ ಇರುವವರೇ ಮಾಡತಕ್ಕದ್ದು. ಏಕೆಂದರೆ ಇದರೊಳಗೆ ಪ್ರಾಣಾಪಾಯ ತರುವಷ್ಟು ವೋಲ್ಟೇಜ್ ಇರುತ್ತದೆ.

ಬಿಚ್ಚುವ ಮುನ್ನ

ಮೊದಲು ಯಂತ್ರದಿಂದ ಅಡಾಪ್ಟರನ್ನು ಬೇರ್ಪಡಿಸಿ, ಅದನ್ನು ಸಾಕೆಟ್ಟಿಗೆ ಹಾಕಿ, ಔಟ್‌ಪುಟ್ ಪಿನ್ನಿನಲ್ಲಿ ಮಲ್ಟಿಮೀಟರಿನಿಂದ ವೋಲ್ಟೇಜ್ ಅಳೆಯಬೇಕು. 12 ವೋಲ್ಟ್ ಅಡಾಪ್ಟರಿನಲ್ಲಿ 11.4ರಿಂದ 12.6 ವೋಲ್ಟ್ ಕಂಡುಬಂದರೆ ಅದು ತಕ್ಕಮಟ್ಟಿಗೆ ಸರಿ ಇದೆ ಎಂದರ್ಥ. ಆದರೆ ಭಾರ ಹಾಕಿದಾಗಲೂ ಆ ವೋಲ್ಟೇಜ್ ನಿಲ್ಲುವುದೇ ಎಂಬುದನ್ನು ಬೇರೆಯಾಗಿ ನೋಡಬೇಕು.

ಏನೂ ಕಾಣದಿದ್ದರೆ, ತಂತಿಯನ್ನು ಪಿನ್ನಿನ ಬಳಿ ಹಾಗೂ ಪೆಟ್ಟಿಗೆಯಿಂದ ಹೊರಬರುವ ಜಾಗದಲ್ಲಿ ಮೆಲ್ಲನೆ ಬಾಗಿಸುತ್ತಾ ಮೀಟರನ್ನು ಗಮನಿಸಬೇಕು. ಅಂಕೆ ಬಂದು ಹೋಗುತ್ತಿದ್ದರೆ ಒಳಗಿನ ತಾಮ್ರದ ಎಳೆಗಳು ತುಂಡಾಗಿವೆ. ದಿನವೂ ಎಳೆದು ಸುತ್ತುವ ಅಡಾಪ್ಟರುಗಳಲ್ಲಿ ಈ ದೋಷ ಬಹಳ ಸಾಮಾನ್ಯ. ತುಂಡಾದ ಭಾಗವನ್ನು ಕತ್ತರಿಸಿ ಹೊಸ ಪಿನ್ನನ್ನು ಬೆಸೆದರೆ ಪೆಟ್ಟಿಗೆಯನ್ನು ತೆರೆಯುವ ಪ್ರಮೇಯವೇ ಬರುವುದಿಲ್ಲ. ಆದರೆ ಪಿನ್ನಿನ ಒಳಭಾಗ ಧನವೋ ಋಣವೋ ಎಂಬುದನ್ನು ಲೇಬಲ್ಲಿನ ಚಿತ್ರ ನೋಡಿ ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಅದಲುಬದಲಾದರೆ ಅಡಾಪ್ಟರಿನ ಬದಲು ಯಂತ್ರವೇ ಸುಡಬಹುದು.

ಒಳರಚನೆಯ ಪರಿಚಯ

ದೋಷವನ್ನು ಹುಡುಕುವವನು ವಿದ್ಯುತ್ತು ಹರಿಯುವ ದಾರಿಯನ್ನು ಅರಿತಿರಬೇಕು. 12 ವೋಲ್ಟ್, 2 ಆಂಪಿಯರ್ ಸಾಮರ್ಥ್ಯದ ಅಡಾಪ್ಟರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲ ಹಂತದಲ್ಲಿ ಫ್ಯೂಸ್ ಅಥವಾ ಫ್ಯೂಸಿನಂತೆ ಕೆಲಸ ಮಾಡುವ ರೆಸಿಸ್ಟರ್, ಏರು ವೋಲ್ಟೇಜನ್ನು ತಡೆಯುವ ವೇರಿಸ್ಟರ್ ಹಾಗೂ ನಾಲ್ಕು ಡಯೋಡುಗಳ ಬ್ರಿಡ್ಜ್ ಇರುತ್ತವೆ. ಬ್ರಿಡ್ಜ್ ಎ.ಸಿ.ಯನ್ನು ಡಿ.ಸಿ.ಯಾಗಿಸುತ್ತದೆ. ಆ ಡಿ.ಸಿ. ದೊಡ್ಡ ಕೆಪಾಸಿಟರಿನಲ್ಲಿ ಶೇಖರವಾಗುತ್ತದೆ. ಅದರ ಮೇಲೆ 400 ವೋಲ್ಟ್ ಎಂದೂ 33 ಅಥವಾ 47 ಮೈಕ್ರೊಫ್ಯಾರಡ್ ಎಂದೂ ಬರೆದಿರುತ್ತದೆ. 230ನ್ನು 1.414ರಿಂದ ಗುಣಿಸಿದರೆ ಬರುವ ಸುಮಾರು 325 ವೋಲ್ಟ್ ಇದರಲ್ಲಿ ನಿಲ್ಲುತ್ತದೆ.

ಎರಡನೆಯ ಹಂತದಲ್ಲಿ ನಿಯಂತ್ರಕ ಐ.ಸಿ. ಹಾಗೂ ಮಾಸ್‌ಫೆಟ್ ಸೇರಿ ಈ 325 ವೋಲ್ಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಜೋಡಿಸುತ್ತಾ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತವೆ. ಐ.ಸಿ.ಗೆ ಮೊದಲ ಚಾಲನೆ ಕೊಡಲು ಒಂದು ಹೆಚ್ಚಿನ ಬೆಲೆಯ ರೆಸಿಸ್ಟರ್, ಅದನ್ನು ನಡೆಸಿಕೊಂಡು ಹೋಗಲು ಒಂದು ಸಣ್ಣ ಕೆಪಾಸಿಟರ್ ಇರುತ್ತವೆ.

ಮೂರನೆಯ ಹಂತ ಟ್ರಾನ್ಸ್‌ಫಾರ್ಮರಿನ ಆಚೆಗಿನದು. ಅಲ್ಲಿ ಶಾಟ್ಕಿ ಡಯೋಡ್, 1000 ಮೈಕ್ರೊಫ್ಯಾರಡ್‌ನಂತಹ ಔಟ್‌ಪುಟ್ ಕೆಪಾಸಿಟರುಗಳು ಹಾಗೂ ವೋಲ್ಟೇಜನ್ನು ಕಾಯುವ ಟಿಎಲ್431 ಎಂಬ ಮೂರು ಕಾಲಿನ ಭಾಗ ಇರುತ್ತವೆ. ಟಿಎಲ್431 ತನ್ನ ಒಳಗಿನ 2.5 ವೋಲ್ಟಿನೊಡನೆ ಔಟ್‌ಪುಟ್ಟನ್ನು ಹೋಲಿಸಿ, ಪಿಸಿ817ರಂತಹ ಆಪ್ಟೋಕಪ್ಲರ್ ಮೂಲಕ, ಅಂದರೆ ಬೆಳಕಿನ ಸಂಕೇತದ ಮೂಲಕ, ಐ.ಸಿ.ಗೆ ಸುದ್ದಿ ಮುಟ್ಟಿಸುತ್ತದೆ. ಮುಖ್ಯ ವಿದ್ಯುತ್ತಿಗೂ ಬಳಕೆದಾರನ ಕೈ ತಗಲುವ ಭಾಗಕ್ಕೂ ನೇರ ಸಂಪರ್ಕ ಇರಬಾರದೆಂಬುದೇ ಈ ಏರ್ಪಾಡಿನ ಉದ್ದೇಶ. ದುರಸ್ತಿ ಮಾಡುವವನು ಕೊನೆಯವರೆಗೂ ಕಾಪಾಡಬೇಕಾದ ಗಡಿಯೂ ಇದೇ.

ಸುರಕ್ಷತೆಯ ಮೂರು ನಿಯಮಗಳು

ಒಂದು, ಪ್ಲಗ್ ತೆಗೆದ ಮಾತ್ರಕ್ಕೆ ಅಪಾಯ ನೀಗಲಿಲ್ಲ. ದೊಡ್ಡ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ನಡೆಯುತ್ತಿರುವ ಅಡಾಪ್ಟರಿನಲ್ಲಿ ಅದು ಬೇಗ ಖಾಲಿಯಾಗುತ್ತದೆ. ಸತ್ತ ಅಡಾಪ್ಟರಿನಲ್ಲಿ ಅದನ್ನು ಬಳಸುವವರೇ ಇಲ್ಲದ ಕಾರಣ ಹೆಚ್ಚು ಹೊತ್ತು ನಿಲ್ಲುತ್ತದೆ. ಆದ್ದರಿಂದ ಕೆಟ್ಟ ಅಡಾಪ್ಟರೇ ಹೆಚ್ಚು ಅಪಾಯಕಾರಿ. 10 ಕಿಲೊ ಓಂ, 5 ವ್ಯಾಟ್‌ನ ರೆಸಿಸ್ಟರಿನ ಎರಡು ಕಾಲುಗಳಿಗೆ ಹೊದಿಕೆಯುಳ್ಳ ತಂತಿ ಬೆಸೆದು, ಕೆಪಾಸಿಟರಿನ ಎರಡು ತುದಿಗಳಿಗೆ 5 ಸೆಕೆಂಡ್ ಹಿಡಿಯಬೇಕು. ಅನಂತರ ಮೀಟರಿನಿಂದ ಅಳೆದು ವೋಲ್ಟೇಜ್ ಇಳಿದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಸ್ಕ್ರೂಡ್ರೈವರ್‌ನಿಂದ ನೇರವಾಗಿ ಕೂಡಿಸಿ ಕಿಡಿ ಹಾರಿಸುವ ಪದ್ಧತಿ ಸರ್ವಥಾ ಸಲ್ಲದು.

ಎರಡು, ವಿದ್ಯುತ್ ಇರುವಾಗ ಅಳೆಯಬೇಕಾದ ಸಂದರ್ಭಗಳಲ್ಲಿ ಒಣ ನೆಲ, ರಬ್ಬರ್ ಹಾಸು, ಉಂಗುರ ಹಾಗೂ ಕೈಗಡಿಯಾರವಿಲ್ಲದ ಕೈ, ಮತ್ತು 600 ವೋಲ್ಟಿಗೆ ಯೋಗ್ಯವಾದ ಮೀಟರ್ ಹಾಗೂ ಪ್ರೋಬ್ ತಂತಿ ಇರಬೇಕು. ಪಕ್ಕದಲ್ಲಿ ಸ್ವಿಚ್ ತೆಗೆಯಬಲ್ಲ ಮತ್ತೊಬ್ಬರಿರುವುದು ಒಳ್ಳೆಯದು.

ಮೂರು, ಅನೇಕ ಅಡಾಪ್ಟರುಗಳ ಪೆಟ್ಟಿಗೆಗೆ ಸ್ಕ್ರೂ ಇರುವುದಿಲ್ಲ. ಎರಡು ಅರ್ಧಗಳನ್ನು ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ತೆರೆಯುವಾಗ ಪ್ಲಾಸ್ಟಿಕ್ ಒಡೆದು, ಮತ್ತೆ ಗಟ್ಟಿಯಾಗಿ ಮುಚ್ಚಲಾಗದ ಸ್ಥಿತಿ ಬಂದರೆ ಒಳಗಿನ ದುರಸ್ತಿ ಎಷ್ಟೇ ಚೆನ್ನಾಗಿದ್ದರೂ ಆ ಅಡಾಪ್ಟರನ್ನು ಗ್ರಾಹಕನಿಗೆ ಹಿಂದಿರುಗಿಸಕೂಡದು. ಟೇಪು ಸುತ್ತಿ ಕೊಟ್ಟ ಪೆಟ್ಟಿಗೆ ಮಗುವಿನ ಕೈಗೆ ಸಿಗಬಹುದೆಂಬುದನ್ನು ನೆನಪಿಡಬೇಕು.

ಕಣ್ಣಿನಿಂದ ಪರೀಕ್ಷೆ

ಮೀಟರಿಗಿಂತ ಮೊದಲು ಕಣ್ಣು, ಮೂಗುಗಳನ್ನು ಬಳಸಬೇಕು. ಕೆಪಾಸಿಟರಿನ ತಲೆಯ ಮೇಲೆ ಗೀರುಗಳಿರುತ್ತವೆ. ಆ ತಲೆ ಸಮತಟ್ಟಾಗಿರಬೇಕು. ಉಬ್ಬಿದ್ದರೆ ಅಥವಾ ಬುಡದಲ್ಲಿ ಕಂದು ದ್ರವ ಒಸರಿದ್ದರೆ ಅದು ಕೆಟ್ಟಿದೆ. ವೇರಿಸ್ಟರ್ ಸೀಳಿ ಕಪ್ಪಾಗಿದ್ದರೆ ಏರು ವೋಲ್ಟೇಜ್ ಬಂದು ಹೋಗಿದೆ. ಮೂರು ಫೇಸಿನ ಸಂಪರ್ಕವಿರುವ ಮಾರುಕಟ್ಟೆ ಕಟ್ಟಡಗಳಲ್ಲಿ ನ್ಯೂಟ್ರಲ್ ತಂತಿ ಸಡಿಲವಾದರೆ ಒಂದು ಅಂಗಡಿಯ ವೋಲ್ಟೇಜ್ 400ರ ಸಮೀಪಕ್ಕೂ ಏರಬಹುದು. ಒಂದೇ ದಿನ ಸಾಲು ಅಂಗಡಿಗಳ ಅಡಾಪ್ಟರುಗಳು ಸುಟ್ಟರೆ ಮೊದಲು ಈ ಕಾರಣವನ್ನು ಸಂಶಯಿಸಬೇಕು. ಅಂತಹ ಸಂದರ್ಭದಲ್ಲಿ ಕಟ್ಟಡದ ವೈರಿಂಗನ್ನು ಸರಿಪಡಿಸದೆ ಅಡಾಪ್ಟರನ್ನು ದುರಸ್ತಿ ಮಾಡುವುದು ವ್ಯರ್ಥ.

ಫ್ಯೂಸಿನ ಗಾಜು ಕಪ್ಪಾಗಿದ್ದರೆ ಒಳಗೆ ಎಲ್ಲೋ ದೊಡ್ಡ ಶಾರ್ಟ್ ಇದೆ. ಬೋರ್ಡಿನ ಹಿಂಭಾಗದಲ್ಲಿ ಟ್ರಾನ್ಸ್‌ಫಾರ್ಮರ್ ಹಾಗೂ ಶಾಟ್ಕಿ ಡಯೋಡಿನ ಬೆಸುಗೆಗಳ ಸುತ್ತ ಉಂಗುರದಂತಹ ಬಿರುಕು ಇದೆಯೇ ಎಂದು ಭೂತಗನ್ನಡಿಯಿಂದ ನೋಡಬೇಕು. ಬಿಸಿಯಾಗಿ ತಣ್ಣಗಾಗುವ ಈ ಭಾಗಗಳಲ್ಲಿ ಬೆಸುಗೆ ಕ್ರಮೇಣ ಬಿಡುತ್ತದೆ.

ಲಕ್ಷಣದಿಂದ ದೋಷಕ್ಕೆ

ಅನುಭವಿಗಳು ಎಲ್ಲ ಭಾಗಗಳನ್ನೂ ಅಳೆಯುವುದಿಲ್ಲ. ಲಕ್ಷಣದಿಂದ ಜಾಗವನ್ನು ಕಿರಿದಾಗಿಸಿಕೊಳ್ಳುತ್ತಾರೆ.

1. ಸಂಪೂರ್ಣ ಸತ್ತಿದೆ, ಫ್ಯೂಸ್ ಹೋಗಿದೆ: ಬ್ರಿಡ್ಜ್, ಮಾಸ್‌ಫೆಟ್, ವೇರಿಸ್ಟರ್ ಇವುಗಳಲ್ಲಿ ಶಾರ್ಟ್ ಹುಡುಕಬೇಕು. ಡಯೋಡ್ ಹಂತದಲ್ಲಿ ಮೀಟರಿಟ್ಟರೆ ಒಳ್ಳೆಯ ಸಾಮಾನ್ಯ ಡಯೋಡ್ ಒಂದು ದಿಕ್ಕಿನಲ್ಲಿ 0.5ರಿಂದ 0.7 ವೋಲ್ಟ್ ತೋರಿಸಿ, ಇನ್ನೊಂದು ದಿಕ್ಕಿನಲ್ಲಿ ಏನೂ ತೋರಿಸುವುದಿಲ್ಲ. ಎರಡೂ ದಿಕ್ಕಿನಲ್ಲಿ ಸೊನ್ನೆಯ ಸಮೀಪ ತೋರಿದರೆ ಅದು ಶಾರ್ಟ್. ಮಾಸ್‌ಫೆಟ್‌ನ ಡ್ರೈನ್ ಮತ್ತು ಸೋರ್ಸ್ ನಡುವೆಯೂ ಇದೇ ಪರೀಕ್ಷೆ ಸಲ್ಲುತ್ತದೆ.

2. ಫ್ಯೂಸ್ ಸರಿ ಇದೆ, ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಇದೆ, ಔಟ್‌ಪುಟ್ ಇಲ್ಲ: ಮೊದಲ ಚಾಲನೆಯ ರೆಸಿಸ್ಟರ್ ತೆರೆದುಹೋಗಿರಬಹುದು, ಅಥವಾ ಐ.ಸಿ.ಯ ಪಕ್ಕದ ಸಣ್ಣ ಕೆಪಾಸಿಟರ್ ಒಣಗಿರಬಹುದು. ಹಿಂದಿನ ದಿನದವರೆಗೆ ನಡೆಯುತ್ತಿದ್ದು, ರಾತ್ರಿ ಸ್ವಿಚ್ ತೆಗೆದು ಬೆಳಿಗ್ಗೆ ಹಾಕಿದಾಗ ಏಳದ ಅಡಾಪ್ಟರಿನಲ್ಲಿ ಮೊದಲು ಈ ಕೆಪಾಸಿಟರನ್ನೇ ಸಂಶಯಿಸಬೇಕು.

3. ದೀಪ ಮಿಟುಕುತ್ತದೆ, ಟಿಕ್ ಟಿಕ್ ಸದ್ದು ಬರುತ್ತದೆ: ಐ.ಸಿ. ಏಳಲು ಯತ್ನಿಸಿ ಸೋಲುತ್ತಿದೆ. ಶಾಟ್ಕಿ ಡಯೋಡಿನ ಶಾರ್ಟ್ ಅಥವಾ ಔಟ್‌ಪುಟ್ ಕೆಪಾಸಿಟರಿನ ದೋಷ ಇದಕ್ಕೆ ಸಾಮಾನ್ಯ ಕಾರಣ.

4. ಬರಿದಾಗಿ 12 ವೋಲ್ಟ್ ಇದೆ, ಯಂತ್ರಕ್ಕೆ ಹಾಕಿದೊಡನೆ ಇಳಿಯುತ್ತದೆ: ಔಟ್‌ಪುಟ್ ಕೆಪಾಸಿಟರ್ ಒಣಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ರೂಟರ್ ತಾನಾಗಿ ಮತ್ತೆ ಮತ್ತೆ ಆರಂಭವಾಗುವುದಕ್ಕೂ, ಬಿಲ್ ಮುದ್ರಿಸುವ ಕ್ಷಣಕ್ಕೆ ಸರಿಯಾಗಿ ಯಂತ್ರ ನಿಲ್ಲುವುದಕ್ಕೂ ಇದು ಕಾರಣವಾಗಬಹುದು.

5. ವೋಲ್ಟೇಜ್ 12ಕ್ಕಿಂತ ಬಹಳ ಹೆಚ್ಚು ಇದೆ: ಟಿಎಲ್431, ಆಪ್ಟೋಕಪ್ಲರ್ ಅಥವಾ ಅವುಗಳ ಸುತ್ತಲಿನ ರೆಸಿಸ್ಟರುಗಳಲ್ಲಿ ದೋಷವಿದೆ. ಇಂತಹ ಅಡಾಪ್ಟರನ್ನು ಯಂತ್ರಕ್ಕೆ ಒಂದು ಕ್ಷಣವೂ ಜೋಡಿಸಬಾರದು.

ಬೋರ್ಡಿನಲ್ಲಿದ್ದಂತೆ ಅಳೆದಾಗ ಪಕ್ಕದ ಭಾಗಗಳೂ ಲೆಕ್ಕಕ್ಕೆ ಸೇರುವುದರಿಂದ, ಸಂಶಯ ಬಂದ ಭಾಗದ ಒಂದು ಕಾಲನ್ನು ಎತ್ತಿ ಮತ್ತೊಮ್ಮೆ ಅಳೆದ ಮೇಲೆಯೇ ತೀರ್ಮಾನಿಸಬೇಕು. ಕೆಪಾಸಿಟರಿನ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅದರ ಧಾರಣಶಕ್ತಿ ಸರಿಯಾಗಿ ಕಂಡರೂ ಒಳ ಪ್ರತಿರೋಧ ಹೆಚ್ಚಿರಬಹುದು. ಇದನ್ನು ಇ.ಎಸ್.ಆರ್. ಮೀಟರ್ ಮಾತ್ರ ತೋರಿಸಬಲ್ಲದು. 1000 ಮೈಕ್ರೊಫ್ಯಾರಡ್‌ನ ಔಟ್‌ಪುಟ್ ಕೆಪಾಸಿಟರಿನಲ್ಲಿ ಒಂದು ಓಂನ ಸಣ್ಣ ಅಂಶದಷ್ಟು ಇರಬೇಕಾದ ಈ ಅಂಕೆ ಹಲವು ಓಂ ಆಗಿದ್ದರೆ ಅದನ್ನು ಬದಲಿಸಲೇಬೇಕು. ದುರಸ್ತಿ ಅಂಗಡಿ ತೆರೆಯುವವರು ಮಲ್ಟಿಮೀಟರಿನ ಅನಂತರ ಕೊಳ್ಳಬೇಕಾದ ಮೊದಲ ಸಾಧನ ಇದು.

ಕೆಪಾಸಿಟರಿನ ಆಯುಷ್ಯದ ಲೆಕ್ಕ

ಬಿಡಿಭಾಗಗಳಲ್ಲಿ ಸಹಜವಾಗಿ ಮುಪ್ಪಾಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅದರೊಳಗಿನ ದ್ರವ ಶಾಖದಿಂದ ಕ್ರಮೇಣ ಆರಿಹೋಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆಂಬುದು ತಂತ್ರಜ್ಞರು ಒಪ್ಪಿದ ಸ್ಥೂಲ ನಿಯಮ.

105 ಡಿಗ್ರಿಯಲ್ಲಿ 2000 ಗಂಟೆ ಎಂದು ತಯಾರಕರು ಸೂಚಿಸಿದ ಕೆಪಾಸಿಟರನ್ನು ಪರಿಗಣಿಸೋಣ. 95 ಡಿಗ್ರಿಯಲ್ಲಿ ಅದು 4000 ಗಂಟೆ, 85ರಲ್ಲಿ 8000, 75ರಲ್ಲಿ 16000, 65ರಲ್ಲಿ 32000 ಗಂಟೆ ಬಾಳುತ್ತದೆ. ದಿನದ 24 ಗಂಟೆಯೂ ನಡೆಯುವ ಕ್ಯಾಮೆರಾದ ಅಡಾಪ್ಟರಿಗೆ ವರ್ಷಕ್ಕೆ 8760 ಗಂಟೆ ಕೆಲಸ. ಮುಚ್ಚಿದ ಡಬ್ಬಿಯಲ್ಲಿಟ್ಟು ಒಳಗಿನ ಉಷ್ಣತೆ 85 ಡಿಗ್ರಿಗೆ ಏರಿದರೆ ಅದು ಒಂದು ವರ್ಷವನ್ನೂ ಪೂರೈಸದು. ಅದೇ ಅಡಾಪ್ಟರನ್ನು ಗಾಳಿಯಾಡುವ ಕಡೆ ಇಟ್ಟು ಉಷ್ಣತೆಯನ್ನು 65 ಡಿಗ್ರಿಯಲ್ಲಿ ನಿಲ್ಲಿಸಿದರೆ ಮೂರೂವರೆ ವರ್ಷ ಮೀರಿ ಬಾಳುತ್ತದೆ. ಖರ್ಚೇ ಇಲ್ಲದ ಈ ಉಪಾಯವನ್ನು ಪ್ರತಿಯೊಬ್ಬ ವರ್ತಕರೂ ಇಂದೇ ಜಾರಿಗೆ ತರಬಹುದು: ಅಡಾಪ್ಟರನ್ನು ಬಟ್ಟೆ, ಕಾಗದ, ಸರಕಿನ ಪೆಟ್ಟಿಗೆಗಳ ಅಡಿಯಿಂದ ಹೊರಗೆ ತೆಗೆಯಿರಿ.

ಬದಲಿ ಭಾಗದ ಆಯ್ಕೆ

ಗುರುತುಗಳನ್ನು ಓದಲು ಕಲಿಯುವುದು ಮೊದಲ ಪಾಠ. ರೆಸಿಸ್ಟರಿನ ಮೇಲೆ ಹಳದಿ, ನೇರಳೆ, ಕಿತ್ತಳೆ ಪಟ್ಟಿಗಳಿದ್ದರೆ 4, 7 ಹಾಗೂ ಮೂರು ಸೊನ್ನೆ, ಅಂದರೆ 47 ಕಿಲೊ ಓಂ. ಬೋರ್ಡಿಗೆ ಅಂಟಿದ ಚಿಕ್ಕ ರೆಸಿಸ್ಟರಿನಲ್ಲಿ ಇದನ್ನೇ 473 ಎಂದು ಬರೆದಿರುತ್ತದೆ. ಸೆರಾಮಿಕ್ ಕೆಪಾಸಿಟರಿನ ಮೇಲೆ 104 ಎಂದಿದ್ದರೆ 0.1 ಮೈಕ್ರೊಫ್ಯಾರಡ್. ಡಯೋಡಿನ ಪಟ್ಟಿ ಕ್ಯಾಥೋಡ್ ತುದಿಯನ್ನೂ, ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಪಟ್ಟಿ ಋಣ ತುದಿಯನ್ನೂ ಸೂಚಿಸುತ್ತವೆ. ಭಾಗವನ್ನು ಕೀಳುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ದಿಕ್ಕಿನ ಗೊಂದಲ ಉಂಟಾಗದು.

ಕೆಪಾಸಿಟರ್: ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, ಮೈಕ್ರೊಫ್ಯಾರಡ್ ಅಷ್ಟೇ, ಉಷ್ಣತೆ 105 ಡಿಗ್ರಿ, ಕಡಿಮೆ ಒಳ ಪ್ರತಿರೋಧದ ಬಗೆ. ಗಾತ್ರ ಪೆಟ್ಟಿಗೆಯಲ್ಲಿ ಹಿಡಿಸುವುದೇ ಎಂಬುದನ್ನೂ ಅಳೆದು ನೋಡಬೇಕು.

ಡಯೋಡ್: ಬ್ರಿಡ್ಜಿನಲ್ಲಿ 1ಎನ್4007 ಸಲ್ಲುತ್ತದೆ, ಅದು 1 ಆಂಪಿಯರ್, 1000 ವೋಲ್ಟಿನದು. ಆದರೆ ಔಟ್‌ಪುಟ್‌ನ ಶಾಟ್ಕಿ ಡಯೋಡಿನ ಜಾಗದಲ್ಲಿ ಅದನ್ನು ಹಾಕಕೂಡದು. 50 ಹರ್ಟ್ಸ್‌ಗೆ ಒಗ್ಗಿದ ಡಯೋಡ್ ಅಲ್ಲಿನ ವೇಗಕ್ಕೆ ತಕ್ಕಂತೆ ಮುಚ್ಚಿಕೊಳ್ಳಲಾರದೆ ಕೆಲವೇ ಕ್ಷಣಗಳಲ್ಲಿ ಕಾದು ಸುಡುತ್ತದೆ.

ಮಾಸ್‌ಫೆಟ್: 600 ವೋಲ್ಟಿನದಕ್ಕೆ 600 ಅಥವಾ 650ರದ್ದು, ಆಂಪಿಯರ್ ಅಷ್ಟೇ ಅಥವಾ ತುಸು ಹೆಚ್ಚು, ಕಾಲುಗಳ ಕ್ರಮ ಒಂದೇ ಇರಬೇಕು. ಮಾಸ್‌ಫೆಟ್ ಸುಟ್ಟಿದ್ದರೆ ಅದರ ಸೋರ್ಸಿಗೆ ಸೇರಿದ ಒಂದೆರಡು ಓಂಗಳ ರೆಸಿಸ್ಟರ್, ಬ್ರಿಡ್ಜ್ ಹಾಗೂ ಐ.ಸಿ.ಗಳನ್ನೂ ಪರೀಕ್ಷಿಸಬೇಕು. ಒಂದನ್ನು ಮಾತ್ರ ಬದಲಿಸಿ ವಿದ್ಯುತ್ ಕೊಟ್ಟರೆ ಹೊಸದೂ ಅದರ ಹಿಂದೆಯೇ ಹೋಗುತ್ತದೆ.

ಸುರಕ್ಷತೆಯ ಭಾಗಗಳು: ಫ್ಯೂಸಿನ ಜಾಗದಲ್ಲಿ ತಂತಿಯ ಎಳೆಯನ್ನು ಹಾಕುವುದು ದುರಸ್ತಿಯಲ್ಲ, ಅಂಗಡಿಗೆ ಬೆಂಕಿಯನ್ನು ಆಹ್ವಾನಿಸುವುದು. ಮುಖ್ಯ ವಿದ್ಯುತ್ತಿಗೆ ಅಡ್ಡಲಾಗಿ ಇರುವ ಎಕ್ಸ್ ಬಗೆಯ ಕೆಪಾಸಿಟರ್ ಹಾಗೂ ಟ್ರಾನ್ಸ್‌ಫಾರ್ಮರಿನ ಎರಡು ಬದಿಗಳನ್ನು ಸೇರಿಸುವ ವೈ ಬಗೆಯ ಕೆಪಾಸಿಟರುಗಳಿಗೆ ಅದೇ ಗುರುತಿನವನ್ನೇ ಬಳಸಬೇಕು. ವೈ ಕೆಪಾಸಿಟರಿನ ಜಾಗದಲ್ಲಿ ಸಾಮಾನ್ಯ ಕೆಪಾಸಿಟರ್ ಹಾಕಿ, ಅದು ಮುಂದೊಂದು ದಿನ ಶಾರ್ಟ್ ಆದರೆ ಬಿಲ್ಲಿಂಗ್ ಯಂತ್ರವನ್ನು ಮುಟ್ಟಿದವರ ಕೈಗೇ ಮುಖ್ಯ ವಿದ್ಯುತ್ತು ಬರುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಈ ಎಲ್ಲ ಭಾಗಗಳೂ ಬಿಡಿಯಾಗಿ ದೊರೆಯುತ್ತವೆ. ಹಳೆಯ ಬೋರ್ಡಿನಿಂದ ಕಿತ್ತ ಕೆಪಾಸಿಟರನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಅದರ ಆಯುಷ್ಯದ ಎಷ್ಟು ಭಾಗ ಕಳೆದಿದೆ ಎಂದು ಹೊರಗಿನಿಂದ ತಿಳಿಯದು. ರಸೀದಿ ಕೊಡುವ ಅಂಗಡಿಯಲ್ಲಿ ಕೊಳ್ಳುವುದು ಸೂಕ್ತ.

ಬೆಸುಗೆ ಮತ್ತು ಮರುಚಾಲನೆ

ಬೆಸುಗೆಗೆ 25 ವ್ಯಾಟ್‌ನ ಐರನ್, ಫ್ಲಕ್ಸ್ ಹಾಗೂ ಹಳೆಯ ಬೆಸುಗೆಯನ್ನು ಹೀರುವ ಪಂಪ್ ಸಾಕು. ಸೀಸವಿರುವ 60/40 ಬೆಸುಗೆ 190 ಡಿಗ್ರಿಯೊಳಗೆ ಕರಗಿದರೆ, ಸೀಸರಹಿತ ಬೆಸುಗೆಗೆ ಸುಮಾರು 217 ಡಿಗ್ರಿಯಿಂದ ಮೇಲೆ ಬೇಕು. ಆದ್ದರಿಂದ ಹೊಸ ಬೋರ್ಡುಗಳಲ್ಲಿ ತುಸು ಹೊಸ ಬೆಸುಗೆ ಹಚ್ಚಿ ಕರಗಿಸಿದ ಮೇಲೆ ಹೀರಬೇಕು. ಬಲವಂತವಾಗಿ ಎಳೆದರೆ ತಾಮ್ರದ ಪಟ್ಟಿಯೇ ಕಿತ್ತುಬರುತ್ತದೆ. ಟ್ರಾನ್ಸ್‌ಫಾರ್ಮರಿನ ಅಡಿಯಲ್ಲಿ ಬಿಟ್ಟಿರುವ ಖಾಲಿ ಅಂತರವನ್ನು ಬೆಸುಗೆಯ ಹನಿಯಾಗಲಿ ಫ್ಲಕ್ಸಿನ ಕಪ್ಪಾಗಲಿ ದಾಟಬಾರದು. ಕೆಲಸವಾದ ಮೇಲೆ ಕೈ ತೊಳೆಯಬೇಕು.

ಮರುಚಾಲನೆಗೆ 60 ವ್ಯಾಟ್‌ನ ತಂತು ಬಲ್ಬನ್ನು ಸರಣಿಯಲ್ಲಿ ಜೋಡಿಸುವ ಹಳೆಯ ಪದ್ಧತಿ ಇಂದಿಗೂ ಶ್ರೇಷ್ಠ. ಎಲ್.ಇ.ಡಿ. ಬಲ್ಬು ಇದಕ್ಕೆ ಉಪಯೋಗವಿಲ್ಲ. ಬಲ್ಬು ಒಮ್ಮೆ ಮಿನುಗಿ ಆರಿದರೆ ಶಾರ್ಟ್ ಇಲ್ಲ. ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ದೋಷ ಇನ್ನೂ ಉಳಿದಿದೆ, ಆದರೆ ಹೊಸ ಭಾಗ ಸುಡದೆ ಉಳಿಯಿತು. ಬಲ್ಬು ಆರಿ, ಔಟ್‌ಪುಟ್‌ನಲ್ಲಿ 12 ವೋಲ್ಟ್ ಬಂದ ಮೇಲೆ ಪೆಟ್ಟಿಗೆಯನ್ನು ಮುಚ್ಚಿ, ಬಲ್ಬನ್ನು ತೆಗೆದು, 10 ಓಂ, 25 ವ್ಯಾಟ್‌ನ ರೆಸಿಸ್ಟರನ್ನು ಭಾರವಾಗಿ ಜೋಡಿಸಬೇಕು. ಇದು 1.2 ಆಂಪಿಯರ್ ಎಳೆಯುತ್ತದೆ. ರೆಸಿಸ್ಟರ್ ಬಹಳ ಬಿಸಿಯಾಗುವುದರಿಂದ ಅದನ್ನು ಲೋಹದ ಹಾಳೆಗೆ ಬಿಗಿದಿಡಬೇಕು. ಅರ್ಧ ಗಂಟೆಯ ಅನಂತರವೂ ವೋಲ್ಟೇಜ್ ನಿಂತಿದ್ದು, ಪೆಟ್ಟಿಗೆ ಕೈಯಿಟ್ಟು ಹಿಡಿಯುವಷ್ಟೇ ಬೆಚ್ಚಗಿದ್ದರೆ ದುರಸ್ತಿ ಪೂರ್ಣವಾಯಿತೆನ್ನಬಹುದು.

ದುರಸ್ತಿಯೋ, ಹೊಸದೋ?

ಮಾಲೀಕರು ಮೂರು ಅಂಶಗಳನ್ನು ಕೂಡಿಸಿ ನೋಡಬೇಕು: ಬಿಡಿಭಾಗದ ಬೆಲೆ, ಕೆಲಸಗಾರನ ವೇಳೆ, ಯಂತ್ರ ನಿಂತ ಅವಧಿಯ ನಷ್ಟ. ಎಲ್ಲೆಡೆ ಸಿಗುವ 12 ವೋಲ್ಟ್, 1 ಆಂಪಿಯರ್ ಅಡಾಪ್ಟರಿಗೆ ಹೊಸದೇ ಲೇಸು. ರಸೀದಿ ಮುದ್ರಣ ಯಂತ್ರದ 24 ವೋಲ್ಟಿನ ಮೂರು ಪಿನ್ನಿನ ಅಡಾಪ್ಟರಿನಂತಹ ಅಪರೂಪದವುಗಳಿಗೆ ದುರಸ್ತಿ ಲಾಭಕರ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ, ಬೋರ್ಡ್ ಕಪ್ಪಾಗಿ ಇದ್ದಿಲಾಗಿದ್ದರೆ, ನೀರು ಹೊಕ್ಕಿದ್ದರೆ ದುರಸ್ತಿಯ ಗೋಜಿಗೆ ಹೋಗಬಾರದು. ಹೊಸದನ್ನು ಕೊಳ್ಳುವಾಗ ವೋಲ್ಟೇಜ್ ಅಷ್ಟೇ, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರುವುದನ್ನೂ, ಭಾರತೀಯ ಮಾನಕ ಬ್ಯೂರೋದ ಗುರುತಿನೊಡನೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುವುದನ್ನೂ ನೋಡಿ ಕೊಳ್ಳಬೇಕು.

ತಕ್ಕಡಿಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಹೊರಗಿನ ಅಡಾಪ್ಟರನ್ನು ದುರಸ್ತಿ ಮಾಡಿಸುವುದು ಬೇರೆ, ಮುದ್ರೆ ಹಾಕಿದ ತಕ್ಕಡಿಯನ್ನು ಬಿಚ್ಚುವುದು ಬೇರೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ತೂಕದ ಸಾಧನವನ್ನು ಪರವಾನಗಿ ಪಡೆದವರೇ ದುರಸ್ತಿ ಮಾಡಬೇಕು. ಅನಂತರ ಪರಿಶೀಲನೆ ಹಾಗೂ ಮುದ್ರೆ ಮತ್ತೆ ಆಗಬೇಕು.

ಕೆಲಸಕ್ಕೆ ಬಾರದ ಅಡಾಪ್ಟರುಗಳನ್ನು ಗುಜರಿಗೆ ಹಾಕಿ ಸುಡಲು ಬಿಡಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯದಂತೆ ಅವನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ನೆನಪಿಡಬೇಕಾದ ಅಂಶಗಳು

1. ತೆರೆಯುವ ಮುನ್ನ ತಂತಿ ಮತ್ತು ಪಿನ್ನನ್ನು ಪರೀಕ್ಷಿಸಿ.
2. ದೊಡ್ಡ ಕೆಪಾಸಿಟರನ್ನು ಖಾಲಿ ಮಾಡಿ, ಅಳೆದು ಖಚಿತಪಡಿಸಿಕೊಂಡು ಕೈಯಿಡಿ.
3. ಫ್ಯೂಸ್ ಹೋದದ್ದೇಕೆಂದು ತಿಳಿಯದೆ ಹೊಸ ಫ್ಯೂಸ್ ಹಾಕಬೇಡಿ.
4. ಸುರಕ್ಷತೆಯ ಭಾಗಗಳಿಗೆ ಪರ್ಯಾಯ ಹುಡುಕಬೇಡಿ.
5. ಸರಣಿ ಬಲ್ಬು, ಅನಂತರ ಭಾರ, ಆಮೇಲೆ ಗ್ರಾಹಕ: ಈ ಕ್ರಮ ತಪ್ಪಬಾರದು.
6. ಪ್ರತಿ ದುರಸ್ತಿಯ ದಿನಾಂಕ, ಲಕ್ಷಣ, ಬದಲಿಸಿದ ಭಾಗಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಿ. ಒಂದೇ ಅಂಗಡಿಯಿಂದ ಒಂದೇ ದೋಷ ಮತ್ತೆ ಮತ್ತೆ ಬಂದರೆ, ಕಾರಣ ಅಡಾಪ್ಟರಿನಲ್ಲಿಲ್ಲ, ಅಲ್ಲಿನ ವೈರಿಂಗಿನಲ್ಲೋ ಶಾಖದಲ್ಲೋ ಇದೆ ಎಂಬುದು ಆ ಪುಸ್ತಕದಿಂದಲೇ ತಿಳಿದುಬರುತ್ತದೆ.